ಬಿರುಗಾಳಿಯನ್ನು ಒಳಗೆ ಕರೆದವನು

ಕೇಳಿದಿರಾ, ಊರ ಕಡೇ ಮನೆ ಸಂಗವ್ವನದು. ಗಂಡ ತೀರಿಹೋಗಿದ್ದ. ಮಗಳು ನೀಲವ್ವ ದೂರದೂರಿನ ಸೊಸೆ. ಜೊತೆಗಿದ್ದವನು ಮಗ ಈರಭದ್ರ. ಹೇಳಿದಷ್ಟೇ ಮಾಡುತ್ತಿದ್ದ, ಹೇಳಿದ್ದನ್ನೇ ಮಾಡುತ್ತಿದ್ದ. ಅದೇ ಸಂಗವ್ವನ ಹಣೆಬರಹ! ಆ ಮನೆಗೆ ಬರುವವರೇ ಇರಲಿಲ್ಲ. ಮಾತಾಡಬೇಕೆಂದರೆ ಅವಳಿಗೆ ಒಲೆಯೇ ಗತಿ.

ಬೇಸಿಗೆಗೆ ಮಗಳು ಬಂದಾಳೆಂದು ಶಾವಿಗೆ ಹೊಸೆದಳು, ಹೊರಸಿನ ಮೇಲೆ ಒಣಹಾಕಿದಳು, ಮಗನನ್ನು ಕಾವಲಿಟ್ಟು ನೀರಿಗೆ ಹೋದಳು. ಬಂತು ಗಾಳಿ! ಶಾವಿಗೆಯೆಲ್ಲ ಬೇಲಿಪಾಲು.

"ನೋಡಕೋತ ನಿಂತಿಯಲ್ಲೋ ಖೋಡಿ!"

"ಕಾಗಿ ಬಂದ್ರ ಓಡಸು ಅಂದಿದ್ದಿ. ಕಾಗಿ ಬರಲಿಲ್ಲಬೇ."

"ಅದು ಬಿರುಗಾಳಿ! ಹೇಳದ ಕೇಳದ ಬರ್ತದ, ಹಾದಿತುಂಬ ಧೂಳ ಎಬ್ಬಸ್ತದ, ಇದ್ದದ್ದೆಲ್ಲಾ ಹೊತ್ಕೊಂಡು ಹೋಗ್ತದ. ಧೂಳ ಕಂಡ್ರ ಕದಾ ಹಾಕಿ ಅಗಳಿ ಜಡಿ!"

"ಹೂಂನಬೇ."

ಮತ್ತೆ ಶಾವಿಗೆ ಹೊಸೆದು, ಒಳಗಿಟ್ಟು, ಬೆಲ್ಲಕ್ಕೆಂದು ಅಂಗಡಿಗೆ ಹೋದಳು. ಹಾದಿಯಲ್ಲಿ ಧೂಳೆದ್ದಿತು. ಈರಭದ್ರ ಅಗಳಿ ಜಡಿದ, ಬೀಸುಕಲ್ಲನ್ನೂ ಅಡ್ಡ ಇಟ್ಟ.

"ಅಣ್ಣಾ, ನಾನು ನೀಲವ್ವ! ಕದಾ ತಗಿ!"

"ಹೇಳದ ಕೇಳದ ಬಂದಿ, ಧೂಳ ಎಬ್ಬಿಸಿದಿ. ಹೋಗು, ಹೋಗು!"

ಜೊತೆಗೆ ಬಂದಿದ್ದ ಅಳಿಯನಿಗೆ ಸಿಟ್ಟು ನೆತ್ತಿಗೇರಿತು. ಚಕ್ಕಡಿ ತಿರುಗಿಸಿದ. ಸಂಗವ್ವ ಬಂದಾಗ ಅಂಗಳದಲ್ಲಿ ಗಾಲಿಯ ಗುರುತಷ್ಟೇ ಇತ್ತು. ನಡೆದದ್ದನ್ನು ಮಗನ ಬಾಯಿಂದ ಕೇಳಿ ಅದರ ಪಕ್ಕದಲ್ಲೇ ಕೂತು ಅತ್ತಳು.

"ಯಾಕಳ್ತೀಬೇ? ಶಾವಿಗಿ ಉಳೀತಲ್ಲ!"

"ತಿನ್ನಾವರು ಹೋದರಲ್ಲೋ! ಮೂರು ವರ್ಷಕ್ಕ ಬಂದಿದ್ದಳೋ! ಇನ್ನ ಮ್ಯಾಲೆ ಧೂಳ ಕಂಡ್ರ ಎರಡೂ ಕದಾ ತೆರಿ. ಕಾಲಿಗೆ ನೀರು ಕೊಡು, ಬೆಲ್ಲ ಕೊಡು, 'ಒಳಗ ಬರ್ರಿ' ಅನ್ನು. ಏನ ಬೇಕಂದ್ರೂ ಇಲ್ಲ ಅನಬ್ಯಾಡ!"

"ಹೂಂನಬೇ."

ಮರುವಾರ ಸಂಗವ್ವ ಅಳಿಯನ ಕೈಕಾಲು ಹಿಡಿಯಲು ಬೀಗರೂರಿಗೆ ನಡೆದಳು. ಅವನು ಹೊಸ್ತಿಲು ದಾಟಗೊಡಲಿಲ್ಲ. ಮಗಳ ಮುಖವನ್ನೂ ಕಾಣದೆ ಮರುದಿನ ಸಂಜೆಗೆ ತಿರುಗಿ ಬಂದಳು. ಬಂದು ನೋಡಿದರೆ ಮನೆಗೆ ತಗಡಿನ ಮೇಲ್ಮಾಡೇ ಇಲ್ಲ! ನಡುಮನೆಯಲ್ಲಿ ಈರಭದ್ರ ತಂಬಿಗೆ ಹಿಡಿದು ನಗುತ್ತ ನಿಂತಿದ್ದ.

"ಮಂದಿ ಬಂದಿದ್ದರಬೇ!"

"ಯಾರೋ?"

"ಹೆಸರು ಹೇಳಲಿಲ್ಲ. ಭಾಳ ಧೂಳ ಎಬ್ಬಿಸಿಕೊಂಡು ಬಂದರು. ಕಾಲಿಗೆ ನೀರು ಕೊಟ್ಟೆ, ಬೆಲ್ಲ ಕೊಟ್ಟೆ, ಒಳಗ ಕರದೆ. ತಗಡು ಎತ್ತಿದರು, ನಾ ಇಲ್ಲ ಅನಲಿಲ್ಲ."

ಯಾರಾದರೂ ಬರಲಿ ಎಂದು ಹಾದಿ ಕಾದದ್ದಕ್ಕೆ ಬಂದದ್ದು ಬಿರುಗಾಳಿ! ಸಂಗವ್ವ ಗೋಡೆಗೊರಗಿ ಕೂತು ಸೆರಗಿನಿಂದ ಮುಖ ಮುಚ್ಚಿಕೊಂಡಳು.

"ಅಳಬ್ಯಾಡಬೇ. ತಗಡು ಒಯ್ದಾರಲ್ಲ, ತಿರುಗಿ ಕೊಡಾಕರೆ ಬಂದೇ ಬರ್ತಾರ."

ಅಷ್ಟಂದವನು ಹೊರಗೆ ನಡೆದ. ಬಾಗಿಲಿನ ಎರಡೂ ಕದ ಕಿತ್ತ, ಹೊತ್ತೊಯ್ದು ಹಾದಿಯ ನಡುವೆ ಇಟ್ಟು ಬಂದ.

"ಇವನ್ನೂ ಒಯ್ಲಿ ಬಿಡಬೇ. ಆಗ ಎರಡು ಸಲ ಬರಬೇಕಾಗ್ತದ!"