ಸಾಕು ಎನ್ನುವವನು

ಜೀವಕೋಶಗಳ ಒಳಸಂಗತಿ ಓದುತ್ತಿದ್ದ ಚನ್ನವೀರ ಒಂದು ದಿನ ಗುರುಗಳನ್ನು ಕೇಳಿದ: "ಗುರುಗಳೇ, ಕೋಶದೊಳಗೆ ಜಿ.ಟಿ.ಪಿ.ಯೇಸ್ ಎಂಬ ಸ್ವಿಚ್ಚುಗಳಿವೆ. ಜಿ.ಟಿ.ಪಿ. ಎಂಬ ಕಣ ಬಂದು ಕೂತರೆ ಸ್ವಿಚ್ಚು ಹೊತ್ತಿಕೊಳ್ಳುತ್ತದೆ, 'ಬೆಳೆ, ಒಡೆದು ಎರಡಾಗು' ಎಂಬ ಸುದ್ದಿ ಹೊರಡುತ್ತದೆ. ಆ ಕಣವನ್ನು ಕಡಿದರೆ ಆರುತ್ತದೆ. ನಿಧಾನವಾದರೂ ಸ್ವಿಚ್ಚು ಅದನ್ನು ತಾನೇ ಕಡಿಯಬಲ್ಲದು. ಹಾಗಿದ್ದೂ ಬೆರಳಿನಂಥ ತುದಿ ತೂರಿಸಿ ಬೇಗ ಕಡಿಸುವುದಕ್ಕೆಂದೇ ಇನ್ನೊಂದು ಪ್ರೋಟೀನು ಇದೆ. ಸರಕು ಸಾಗಿಸುವ ಪುಟ್ಟ ಚೀಲಗಳು ಹೊದಿಕೆ ಕಳಚಿ ಸೇರಬೇಕಾದ ಕಡೆ ಸೇರುವುದಕ್ಕೂ ಇಂಥದೇ ಬೆರಳು ಬೇಕು. ತಾನಾಗಿ ಆರುವುದನ್ನು ಆರಿಸಲು ಇಷ್ಟೊಂದು ಏರ್ಪಾಡು ಯಾಕೆ?"

ಗುರುಗಳ ಮುಖ ಅರಳಿತು. ಕತೆಗೆ ದಾರಿ ಸಿಕ್ಕಿತಲ್ಲ! "ಕೂತುಕೋ, ಹೇಳುತ್ತೇನೆ," ಎಂದರು.

ಒಬ್ಬ ರೈತನಿಗೆ ಆಲೆಮನೆಯಿತ್ತು. ಬೆಲ್ಲದ ಒಲೆ ಇರುವುದು ನೆಲದ ಕೆಳಗೆ. ಒಲೆಯವನು ಗುಂಡಿಯಲ್ಲಿ ಕೂತು ಕಬ್ಬಿನ ಒಣಸಿಪ್ಪೆ ತಳ್ಳುತ್ತಾನೆ. ಮೇಲೆ ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲು ಅವನಿಗೆ ಕಾಣುವುದಿಲ್ಲ. ಅದನ್ನು ಕಾಯುವವನು ಪಾಕದವನು. ಅವನು ತಣ್ಣೀರಲ್ಲಿ ಬೆರಳದ್ದಿ, ಸೌಟಿನ ಪಾಕ ಮುಟ್ಟಿ, ಉಂಡೆ ಕಟ್ಟುತ್ತದೆಯೇ ನೋಡಿ, 'ಸಾಕು' ಎನ್ನುತ್ತಾನೆ. ಒಲೆಯವನು ಉರಿ ಹೊರಗೆಳೆಯುತ್ತಾನೆ, ಕೊಪ್ಪರಿಗೆ ಇಳಿಯುತ್ತದೆ. ಮುಂದಿನ ಪಾಕ ಏರುವುದು ಆಮೇಲೇ.

ಆ ಸಲ ರೈತ ಅವಸರಪಟ್ಟು ವರ್ಷದ ಕಬ್ಬನ್ನೆಲ್ಲ ಒಮ್ಮೆಗೇ ಕಡಿಸಿ, ಸೋಗೆಯ ಸಮೇತ ಅಂಗಳದಲ್ಲಿ ಒಟ್ಟಿಸಿದ್ದ. ಕಡಿದ ಕಬ್ಬು ಯಾರಿಗೂ ಕಾಯುವುದಿಲ್ಲ, ಹುಳಿಯಾಗುತ್ತದೆ. ಮನೆಮಂದಿಯ ಅನ್ನವೆಲ್ಲ ಆ ರಾಶಿಯಲ್ಲಿತ್ತು. ಗಾಣದವನು ಬೆವರುತ್ತಿದ್ದ, ಒಲೆಯವನು ಬೆವರುತ್ತಿದ್ದ. ಪಾಕದವನೊಬ್ಬ ಎಲೆಯಡಿಕೆ ಮೆಲ್ಲುತ್ತ ತಣ್ಣಗೆ ಕೂತಿದ್ದ. ಅದನ್ನು ಕಂಡು ರೈತನ ಮೈಯೆಲ್ಲ ಉರಿಯಿತು.

"ಏನಯ್ಯಾ, ಎಲ್ಲರೂ ಬೆಲ್ಲ ಮಾಡುತ್ತಾರೆ, ನೀನು ಬರೀ ಬೆರಳು ನೆಕ್ಕುತ್ತೀಯ. ನಿನ್ನ ಕೆಲಸವಾದರೂ ಏನು?"

"ಸಾಕು ಅನ್ನುವುದು, ಯಜಮಾನರೇ."

"ಅದಕ್ಕೂ ಒಬ್ಬ ಆಳೇ? ನನ್ನ ಹೆಂಡತಿ ದಿನವಿಡೀ ಅನ್ನುತ್ತಾಳೆ, ಬಿಟ್ಟಿಯಾಗಿ! ಏಳು, ಗುಂಡಿಗಿಳಿದು ನೀನೂ ಉರಿ ಹಾಕು."

"ಇಳಿಯುತ್ತೇನೆ. ಮೇಲೆ ಯಾರಿರುತ್ತಾರೆ?"

"ಒಲೆಯವನೇನು ದಡ್ಡನೇ? ತುಸು ತಡವಾದರೂ ತಾನೇ ನಿಲ್ಲಿಸುತ್ತಾನೆ."

ಪಾಕದವನು ಗುಂಡಿಗಿಳಿದ. ಇಬ್ಬರೂ ಸೇರಿ ತಳ್ಳಿದರು. ಉರಿ ಎದ್ದಿತು. ರೈತನಿಗೆ ಹಿಗ್ಗೋ ಹಿಗ್ಗು. ಇಷ್ಟು ಬೇಗ ಹಾಲು ಹೊಂಬಣ್ಣಕ್ಕೆ ಬಂದದ್ದನ್ನು ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಹೊಂಬಣ್ಣ ಕೆಂಪಿಗೆ ತಿರುಗಿತು. ಪಾಕ ಅಂಚಿಗೇರಿ ಉಕ್ಕಿತು. ಹೊಸ ಮನೆ ಹೊಕ್ಕಾಗ ಹಾಲುಕ್ಕಿಸಿ ಕೈಮುಗಿಯುವ ಜನ ನಾವು. ಉಕ್ಕುವುದು ಶುಭವೆಂದು ರೈತ ಅಲ್ಲೂ ಕೈಮುಗಿದು ನಿಂತ. ಸೀದ ವಾಸನೆ ಮೂಗಿಗೆ ಹೊಡೆದಾಗಲೇ ಅವನಿಗೆ ಎಚ್ಚರವಾದದ್ದು. "ಸಾಕು, ಸಾಕು!" ಎಂದು ಕಿರುಚಿದ.

ಗುಂಡಿಯಲ್ಲಿದ್ದ ಇಬ್ಬರೂ ಆ ಕ್ಷಣವೇ ಕೈ ನಿಲ್ಲಿಸಿದರು. ಆದರೆ ಈಗ ಒಲೆಗೆ ಅವರ ಕೈ ಬೇಕಿರಲಿಲ್ಲ. ಉಕ್ಕಿದ ಪಾಕವೇ ಅದರೊಳಕ್ಕೆ ಸುರಿದು ಉರಿಯಾಗುತ್ತಿತ್ತು. ಜ್ವಾಲೆ ಚಪ್ಪರವನ್ನು ನೆಕ್ಕಿತು. ಚಪ್ಪರದಿಂದ ಸಿಪ್ಪೆಯ ಬಣವೆಗೆ ಹಾರಿತು, ಬಣವೆಯಿಂದ ಕಬ್ಬಿನ ರಾಶಿಗೆ. ರೈತ ಇಬ್ಬರು ಆಳುಗಳನ್ನೂ ರಟ್ಟೆ ಹಿಡಿದು ಮೇಲಕ್ಕೆಳೆದುಕೊಂಡ. ಅಷ್ಟು ಮಾತ್ರ ಅವನ ಪುಣ್ಯ.

ಗುರುಗಳು ಕತೆಯನ್ನು ಇಲ್ಲಿಗೆ ನಿಲ್ಲಿಸಿದರು. ಚನ್ನವೀರನಿಗೆ ತಡೆಯಲಾಗಲಿಲ್ಲ. "ಕೊನೆಗೆ ಆ ಬೆಂಕಿಯನ್ನು ಆರಿಸಿದವರು ಯಾರು, ಗುರುಗಳೇ?"

"ಯಾರೂ ಇಲ್ಲ ಮಗು, ಉರಿಯಲು ಏನೂ ಉಳಿಯದಿದ್ದಾಗ ತಾನೇ ಆರಿತು."