ಶಾಸಕರ ಸಹಾಯವಾಣಿ

ಸೈಕಲ್ ರಿಪೇರಿಯ ದುರಗಪ್ಪನ ಹೆಂಡತಿ ಆಂಬುಲೆನ್ಸ್ ಬಾರದೆ ತೀರಿಕೊಂಡಳು. ಮಣ್ಣು ಮಾಡಿದ ಮರುದಿನ ಶಾಸಕರು ಬಂದರು. ಜೊತೆಗೆ ಅವರ ಪಿ.ಎ., ಮತ್ತೆ ರಾಜ್ಯಶಾಸ್ತ್ರ ಓದುವ ಹುಡುಗಿ ಶಬಾನಾ. ಕೆಲಸ ಕಲಿಯಲೆಂದು ವಿಶ್ವವಿದ್ಯಾಲಯ ಅವಳನ್ನು ಶಾಸಕರ ಕಚೇರಿಗೆ ಕಳಿಸಿತ್ತು. ಸದ್ಯಕ್ಕೆ ಅವಳ ಕೆಲಸ ವಿಡಿಯೊ ಹಿಡಿಯುವುದು.

“ನೋಡವ್ವಾ, ರಾಜಕೀಯ ಕ್ಲಾಸಿನಾಗ ಬರೂದಿಲ್ಲ. ಹಿಂಗ ಜನರ ನಡುವೆ ಕಲೀಬೇಕು,” ಎಂದು ಶಾಸಕರು ದುರಗಪ್ಪನ ಹೆಗಲ ಮೇಲೆ ಕೈ ಹಾಕಿದರು. “ನಮ್ಮ ಸಹಾಯವಾಣಿಯಿಂದ ಭಾಳ ಉಪಕಾರ ಆತು ಅಂತ ಎರಡು ಮಾತು ಹೇಳಪಾ. ನಿನ್ನ ಅಂಗಡಿ ಪಂಚಾಯ್ತಿ ಜಾಗದಾಗ ಐತಿ, ನೆನಪಿರಲಿ.”

ದುರಗಪ್ಪ ತಲೆಯಾಡಿಸಿದ. “ಹೇಳ್ತೀನ್ರಿ ಸಾಹೇಬ್ರ. ಬರೇ ಬಾಯಿಮಾತು ಯಾರು ನಂಬ್ತಾರ? ಫೋನ್ ಹಚ್ಚೇ ತೋರಸ್ತೀನಿ. ತಂಗಿ, ನೀ ಹಿಡೀತಿರು.”

ಅವನು ಸಹಾಯವಾಣಿಯ ನಂಬರು ಒತ್ತಿದ. ಪಿ.ಎ.ಯ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಯಾರೆಂದೂ ನೋಡದೆ, ರೂಢಿಯಂತೆ, ಪಿ.ಎ. ಕಟ್ ಮಾಡಿದ.

“ಅವತ್ತೂ ಹಿಂಗ ಕಟ್ ಆತ್ರಿ,” ಎಂದ ದುರಗಪ್ಪ.

ಶಾಸಕರ ಕೈ ಹೆಗಲಿನಿಂದ ಜಾರಿತು. “ಏ, ಬಂದ್ ಮಾಡವ್ವಾ ಅದನ್ನ!”

ಶಬಾನಾ ಬಂದ್ ಮಾಡಲಿಲ್ಲ. “ಕಾಕಾ, ಕಾಕಿ ಹೆಸರೇನ್ರಿ?” ಎಂದಳು.

“ಹನಮವ್ವ,” ಎಂದ ದುರಗಪ್ಪ. ಬಂದ ಮೂವರಲ್ಲಿ ಅದನ್ನು ಕೇಳಿದವಳು ಅವಳೊಬ್ಬಳೇ.