ತಾಯಿಯವರು ಅಂಗೈಯಿಟ್ಟ ಬಾಗಿಲು

ಮಲಪ್ರಭೆಯ ದಂಡೆಯ ಒಂದು ಹಳ್ಳಿಯಲ್ಲಿ ಪೂಜ್ಯ ಶಿವಾಂಬಾ ತಾಯಿಯವರು ಕೆಲಕಾಲ ನೆಲೆಸಿದ್ದರು. ಮಠವೆನ್ನುವಂಥದ್ದೇನೂ ಇರಲಿಲ್ಲ, ಭಕ್ತರೊಬ್ಬರು ಬಿಟ್ಟುಕೊಟ್ಟ ಹಳೆಯ ಮಣ್ಣಿನ ಮನೆ, ಒಂದು ಚಾಪೆ, ಒಂದು ತಂಬಿಗೆ. ದೇವರ ಕೋಣೆಯ ಬಾಗಿಲ ಚೌಕಟ್ಟಿಗೆ ಮಾತ್ರ ಹಿಂದಿನವರು ಕೆತ್ತಿಸಿದ ಸುಂದರವಾದ ಹೂಬಳ್ಳಿಯಿತ್ತು.

ಒಮ್ಮೆ ಆ ಬಳ್ಳಿ ಕೆತ್ತಿದ್ದ ಮರದ ಪಟ್ಟಿ ಗೆದ್ದಲು ಹಿಡಿದು ಕಳಚಿಕೊಂಡಿತು. ಅದನ್ನು ಮತ್ತೆ ಕೂಡಿಸುವ ಸೇವೆಯನ್ನು ತಾಯಿಯವರು ಕಾಳಪ್ಪನೆಂಬ ತರುಣ ಬಡಿಗನಿಗೆ ಒಪ್ಪಿಸಿದರು.

ಸುದ್ದಿ ತಿಳಿದು ಅವನ ದೊಡ್ಡಪ್ಪನ ಮಗ ಮೌನೇಶಪ್ಪ ಹೊಟ್ಟೆಕಿಚ್ಚುಪಟ್ಟ. ಕಾಳಪ್ಪನಿಗೆ ಉಳಿ ಹಿಡಿಯಲು ಕಲಿಸಿದವನೇ ಅವನು. ಈಗ ತೊಟ್ಟಿಲಿಗೂ ಬಾಗಿಲಿಗೂ ಊರವರು ಕಾಳಪ್ಪನನ್ನೇ ಕರೆಯುತ್ತಿದ್ದರು. ಅದನ್ನು ಹೇಗೋ ನುಂಗಿಕೊಂಡಿದ್ದ. ತಾಯಿಯವರೂ ಅವನನ್ನೇ ಆರಿಸಿದ್ದು ಮಾತ್ರ ಗಂಟಲಲ್ಲಿ ಇಳಿಯಲಿಲ್ಲ. ದರ್ಶನದ ನೆವ ಮಾಡಿಕೊಂಡು, ಉಳಿ, ಸುತ್ತಿಗೆಗಳಿದ್ದ ಹತ್ಯಾರದ ಚೀಲ ಹೆಗಲಿಗೇರಿಸಿ, ತಮ್ಮನ ಕೆಲಸದಲ್ಲಿ ತಪ್ಪು ಹುಡುಕಲು ಹೊರಟ.

ದೇವರ ಕೋಣೆಯ ಮುಂದೆ ಕಾಳಪ್ಪ ಪಟ್ಟಿಯನ್ನು ನೆಲದ ಮೇಲಿಟ್ಟುಕೊಂಡು ಸಜ್ಜಾಗಿದ್ದ. ಪಡಸಾಲೆಯಲ್ಲಿ ಕುಳಿತಿದ್ದ ತಾಯಿಯವರು ಮೌನೇಶಪ್ಪನನ್ನು ಕಂಡು ನಕ್ಕರು.

"ಬಂದಿಯೇನಪ್ಪಾ? ಪಟ್ಟಿ ಕಾಳಪ್ಪ ಕೂಡಸ್ಲಿ. ಸುತ್ತಿಗಿ ನೀ ಆರಿಸಿಕೊಡು."

ತಾನೇ ಕಲಿಸಿದ ಶಿಷ್ಯನ ಕೈಗೆ ತಾನು ಹತ್ಯಾರ ಎತ್ತಿಕೊಡುವುದೇ? ಆದರೂ ಮೌನೇಶಪ್ಪ ಬಗ್ಗಿ ಪಟ್ಟಿಯನ್ನು ಬೆರಳಿನಿಂದ ತಟ್ಟಿ ನೋಡಿದ. ಮೇಲೆ ಗಟ್ಟಿ, ಒಳಗೆಲ್ಲ ಪೊಳ್ಳು. ಇದಕ್ಕೆ ಹುಣಸೆ ಕಟ್ಟಿಗೆಯ ತಲೆಯ ಪುಟ್ಟ ಸುತ್ತಿಗೆಯೇ ಬೇಕು, ಅದೂ ಮಗುವಿನ ಬೆನ್ನು ತಟ್ಟಿದ ಹಾಗೆ ತಟ್ಟಬೇಕು. ಕಬ್ಬಿಣ ತಾಗಿದರೆ ಬಳ್ಳಿ ಸೀಳಿಹೋಗುತ್ತದೆ. ಅದು ಅವನಿಗೆ ಸ್ಪಷ್ಟವಾಗಿ ಗೊತ್ತಾಯಿತು. ಗೊತ್ತಾದ ಮೇಲೆ ಅವನ ಕೈ ಚೀಲದೊಳಗೆ ಹೋಗಿ ಕಬ್ಬಿಣದ ಸುತ್ತಿಗೆಯನ್ನೇ ತೆಗೆಯಿತು. ನೋಡಲು ಚಿಕ್ಕದು, ಪೆಟ್ಟು ಮಾತ್ರ ಬಿರುಸು. ಸೀಳಲಿ, ಊರೆಲ್ಲ ನೋಡಲಿ ಎಂದುಕೊಂಡ.

ಕಾಳಪ್ಪ ಹಳೆಯ ಮರದ ಕೆಲಸಕ್ಕೆ ಹೊಸಬ. ಅಣ್ಣ ಕೊಟ್ಟದ್ದೆಂದು ಸುತ್ತಿಗೆಯನ್ನು ಕಣ್ಣಿಗೊತ್ತಿಕೊಂಡ.

ಆಗ ತಾಯಿಯವರು ಎದ್ದು ಬಂದರು. ಪಟ್ಟಿಯನ್ನು ಚೌಕಟ್ಟಿಗೆ ಒತ್ತಿಹಿಡಿದು, ಏಟು ಬೀಳುವಲ್ಲಿಯೇ ತಮ್ಮ ಅಂಗೈಯನ್ನು ಹರಡಿದರು. ಕಾಳಪ್ಪ ಗಾಬರಿಯಿಂದ, ಕೈ ತೆಗೆಯಬೇಕೆಂದು ಬೇಡಿಕೊಂಡ. ಅವರು ಅಲುಗಲಿಲ್ಲ.

"ಬಡಿಯಪ್ಪಾ. ಮೌನೇಶ ನೋಡೇ ಕೊಟ್ಟಾನ. ಅಂವಗ ತಿಳೀಲಾರದ್ದೇನು?"

ಮೌನೇಶಪ್ಪ ಆ ಕೈಯನ್ನು ನೋಡಿದ. ಬಂದವರಿಗೆಲ್ಲ ಅಂಬಲಿ ಬಡಿಸಿ ಬಡಿಸಿ ಸವೆದ, ನರ ಎದ್ದ ಕೈ. ಗುರುವಾಕ್ಯವನ್ನು ಮೀರಲಾರದೆ ಕಾಳಪ್ಪ ಸುತ್ತಿಗೆ ಎತ್ತಿದ. ಅದು ಇಳಿಯುವ ಮೊದಲೇ ಮೌನೇಶಪ್ಪ ಹಾರಿ ಅವನ ಮಣಿಕಟ್ಟು ಹಿಡಿದುಕೊಂಡ. ಸುತ್ತಿಗೆ ನೆಲಕ್ಕೆ ಬಿತ್ತು. ಮೌನೇಶಪ್ಪನೂ ತಾಯಿಯವರ ಪಾದಕ್ಕೆ ಬಿದ್ದ. ತಾನು ಬೇಕೆಂದೇ ಮಾಡಿದೆನೆಂದು ಹೇಳಲು ಬಾಯಿ ತೆರೆದ.

"ನನಗ ಹೇಳಬ್ಯಾಡ," ಎಂದರು ತಾಯಿಯವರು. "ಅಂವಗ ಹೇಳು."

ಪಾದ ಹಿಡಿಯುವುದು ಸುಲಭವಾಗಿತ್ತು. ತಮ್ಮನ ಮುಖ ನೋಡುವುದು ಬಲು ಕಷ್ಟವಾಯಿತು. ಆದರೂ ತಾನು ಬಯಸಿದ್ದೇನೆಂಬುದನ್ನು ಮೌನೇಶಪ್ಪ ಒಂದನ್ನೂ ಮುಚ್ಚದೆ ಹೇಳಿದ. ಕಾಳಪ್ಪ ಕಣ್ಣೊರೆಸಿಕೊಂಡು ಅಂದ:

"ಅಣ್ಣಾ, ಆ ಬದಿ ನೀ ಹಿಡಿ. ಇದು ಒಬ್ಬನ ಕೈಲೆ ಆಗೂದಲ್ಲ."

ಮೌನೇಶಪ್ಪ ಹುಣಸೆಯ ಸುತ್ತಿಗೆಯನ್ನು ಅವನ ಕೈಗಿತ್ತು, ಪಟ್ಟಿಯನ್ನು ಎರಡೂ ಕೈಯಿಂದ ಹಿಡಿದು ನಿಂತ. ಬಳ್ಳಿಯ ಒಂದು ಎಸಳೂ ಮುಕ್ಕಾಗದೆ ಪಟ್ಟಿ ತನ್ನ ಜಾಗದಲ್ಲಿ ಕುಳಿತಿತು.

ಮುಂದೆ ದರ್ಶನಕ್ಕೆ ಬಂದವರು ಆ ಬಾಗಿಲನ್ನು ಮೆಚ್ಚಿ ಯಾರ ಕೈಗೆಲಸವೆಂದು ಕೇಳಿದಾಗಲೆಲ್ಲ ಮೌನೇಶಪ್ಪನೇ ಮುಂದೆ ಬಂದು ಕಾಳಪ್ಪನ ಹೆಸರು ಹೇಳುತ್ತಿದ್ದ. ಮೊದಮೊದಲು ಹಾಗೆ ಹೇಳುವುದು ಅವನಿಗೆ ಸುಲಭವಿರಲಿಲ್ಲವಂತೆ. ಬರಬರುತ್ತ, ಯಾರೂ ಕೇಳದಿದ್ದರೂ ತಾನಾಗಿಯೇ ಹೇಳತೊಡಗಿದ.